ಗೋಡೆಯಾಚೆಯ ಸಿಳ್ಳೆ

ಕಳೆದ ತಿಂಗಳು ನಮ್ಮ ಯಜಮಾನರನ್ನು ಬಲ್ಮಠದ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋಗಿದ್ದೆ. ನಮ್ಮ ಟೋಕನ್ ಬರಲು ಇನ್ನೂ ಹೊತ್ತಿತ್ತು. ಒಳಗಿನ ಎಸಿ ಚಳಿ ಇವರಿಗೆ ಆಗುವುದಿಲ್ಲವೆಂದು ಹೊರಗೆ ಮರದ ಕಟ್ಟೆಯ ಮೇಲೆ ಕುಳಿತೆವು. ಪಕ್ಕದ ಹಳೆಯ ಕಂಪೌಂಡಿನಲ್ಲಿ ಇಬ್ಬರು ಹೆಂಗಸರು ತರಗೆಲೆಯ ರಾಶಿಯನ್ನು ಬುಟ್ಟಿಗೆ ತುಂಬುತ್ತಿದ್ದರು. ಮೇಲಿನ ಒಣ ಎಲೆ ಹೋದಂತೆ ಅಡಿಯಲ್ಲಿದ್ದ ಕಪ್ಪಗಿನ, ಒದ್ದೆಯಾದ, ಅರ್ಧ ಕೊಳೆತ ಎಲೆಗಳು ಕಾಣಿಸಿದವು. ಅದರ ವಾಸನೆ ಬಂತು... ಹಲಸು, ಮಾವು, ಎರೆಹುಳು, ಮಣ್ಣು ಎಲ್ಲ ಸೇರಿದ ವಾಸನೆ. ನನ್ನ ಹೊಟ್ಟೆಯೊಳಗೆ ಏನೋ ಚುರ್ ಎಂದಿತು.

ಆ ವಾಸನೆ ನಮ್ಮ ಪಕ್ಕದ ಮನೆಯ ಟೀಚರ್ ಅವರ ಹಿತ್ತಿಲಿನದು. ಚುರ್ ಎಂದದ್ದು ಹೊಟ್ಟೆಕಿಚ್ಚು. ಅವರು ತೀರಿಕೊಂಡು ವರ್ಷಗಳಾದವು. ಇದೊಂದು ಮಾತ್ರ ಇನ್ನೂ ತೀರಿಲ್ಲ.

ಕಾಟಿಪಳ್ಳದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಕೆಂಪುಕಲ್ಲಿನ ಗೋಡೆ. ನಮ್ಮ ಅಂಗಳ ದಿನಕ್ಕೆರಡು ಸಲ ಗುಡಿಸಿದ ಅಂಗಳ. ಅವರದ್ದು ಗುಡಿಸದ್ದು. ಹಲಸಿನ ಮರ, ಎರಡು ಮಾವು, ಒಂದು ಬಿಂಬುಳಿ, ಅವುಗಳ ಎಲೆಯೆಲ್ಲ ಬಿದ್ದಲ್ಲೇ ಬಿದ್ದು, ಕಾಲಿಟ್ಟರೆ ಪಾದ ಹೂತುಹೋಗುವಷ್ಟು. ಟೀಚರ್ ಮದುವೆಯಾಗದೆ ಉಳಿದವರು, ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು. ಮನೆಮಾತು ಕೊಂಕಣಿ. ತುಳು ಚೆನ್ನಾಗಿ ಬರುತ್ತಿದ್ದರೂ ಶಾಲೆಯ ಅಭ್ಯಾಸ ಬಿಡಲಾಗದೆ ನಮ್ಮೊಂದಿಗೆಲ್ಲ ಕನ್ನಡದಲ್ಲೇ ಮಾತಾಡುತ್ತಿದ್ದರು. ಮೊದಲ ಸಲ ನಾನು ಗೋಡೆಯ ಮೇಲಿಂದ ಇಣುಕಿ, "ಟೀಚರ್, ಹಾವು ಬರ್ತದೆ, ಒಮ್ಮೆ ಗುಡಿಸಿ ಸುಡಬಹುದಲ್ಲ?" ಎಂದಾಗ ಅವರು ನಕ್ಕಿದ್ದರು.

"ಹಾವು ಬರ್ಲಿ ಬಿಡಿ. ನನಗೆ ಬೇರೆ ನೆಂಟರು ಬರ್ಲಿಕ್ಕುಂಟು. ಅವರಿಗೆ ಗುಡಿಸಿದ ಅಂಗಳ ಆಗುವುದಿಲ್ಲ."

ಆ ನೆಂಟರು ನವರಂಗ ಹಕ್ಕಿ. ಮಳೆ ಪೂರ್ತಿ ನಿಂತ ಮೇಲೆ ಉತ್ತರದಿಂದ, ಹಿಮಾಲಯದ ಬುಡದಿಂದಲೂ ಬರುತ್ತದಂತೆ. ಮುಷ್ಟಿಯೊಳಗೆ ಹಿಡಿಯುವಷ್ಟು ದೊಡ್ಡದು. ಬೆನ್ನು ಹಸಿರು, ರೆಕ್ಕೆಯಲ್ಲಿ ಮಿಂಚುವ ನೀಲಿ, ಕಣ್ಣಿಗೆ ದಪ್ಪ ಕಾಡಿಗೆಯ ಗೆರೆ, ಹೊಟ್ಟೆಯ ಕೆಳಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪು. ಬಾಲ ಮಾತ್ರ ಯಾರೋ ಕತ್ತರಿಸಿದಂತೆ ಮೋಟು. ಇಷ್ಟು ಬಣ್ಣ ಹೊತ್ತೂ ಅದು ಮರದ ತುದಿಯಲ್ಲಿ ಕುಳಿತು ಮೆರೆಯುವುದಿಲ್ಲ. ತರಗೆಲೆಯ ಮೇಲೆ ಕುಪ್ಪಳಿಸುತ್ತ, ಎಲೆ ಮಗುಚಿ ಹುಳ ಹೆಕ್ಕುತ್ತದೆ. ಬೆಳಗ್ಗೆ ಬೆಳಕು ಹರಿಯುವಾಗ ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಏಪ್ರಿಲಿನ ಬಿಸು ಹಬ್ಬ ಕಳೆದು, ಮಳೆಗಾಲಕ್ಕೆ ಮುಂಚೆ, ಯಾರಿಗೂ ಹೇಳದೆ ವಾಪಸು ಹೊರಡುತ್ತದೆ.

"ಶಾಲೆಯಲ್ಲಿ ಮಕ್ಕಳಿಗೆ ಹಮ್ಮಿಂಗ್ ಬರ್ಡ್ ಪಾಠ ಮಾಡ್ತಿದ್ದೆ," ಎಂದು ಟೀಚರ್ ಒಮ್ಮೆ ಹೇಳಿದ್ದರು. "ಹೆಬ್ಬೆರಳಷ್ಟು ಹಕ್ಕಿ, ವಸಂತಕಾಲ ಬಂದ ಕೂಡಲೇ ಸಮುದ್ರ ದಾಟಿ ಊರಿಗೆ ಹೋಗ್ತದೆ ಅಂತ. ಎಲ್ಲಿಯದೋ ಹಕ್ಕಿ. ನಮ್ಮ ಹಿತ್ತಿಲಲ್ಲೇ ಹಾಗೆ ಬಂದು ಹೋಗುವುದೊಂದು ಉಂಟು ಅಂತ ಗೊತ್ತಾದದ್ದು ರಿಟೈರ್ ಆದ ಮೇಲೆ."

ನನಗೆ ಆಗ ಹಕ್ಕಿಯಲ್ಲಿ ಆಸಕ್ತಿ ಇರಲಿಲ್ಲ. ನನ್ನ ಮನೆಯಲ್ಲಿ ಬೇರೆಯದೇ ನಡೆಯುತ್ತಿತ್ತು.

ಇವರು ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಕಾಟಿಪಳ್ಳದಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ವಾಪಸು. ಬಾಯಿಯೇ ಬಂಡವಾಳ. ಪಣಂಬೂರು, ಕೂಳೂರು, ಕೊಟ್ಟಾರ ಎಂದು ಇವರು ಕೂಗುವುದನ್ನು ಕೇಳಿ ಪ್ರಯಾಣಿಕರು ಕಣ್ಣುಮುಚ್ಚಿಕೊಂಡೇ ಇಳಿಯುತ್ತಿದ್ದರು. ಮನೆಗೆ ಬಂದರೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಬಸ್ಸಿನಲ್ಲಿ ಯಾರು ಯಾರ ಸೀಟಿಗೆ ಜಗಳ ಮಾಡಿದರು, ಯಾವ ಅಜ್ಜಿ ಟಿಕೆಟಿಗೆ ಬದಲು ಬಾಳೆಹಣ್ಣು ಕೊಟ್ಟರು, ಎಲ್ಲ ನನಗೆ ಗೊತ್ತಿತ್ತು. ಒಂದು ಮಳೆಗಾಲದ ಬೆಳಗ್ಗೆ, ಬಸ್ಸಿನ ಫುಟ್‌ಬೋರ್ಡಿನ ಮೇಲೆಯೇ, ಇವರಿಗೆ ಸ್ಟ್ರೋಕ್ ಆಯಿತು. ಡ್ರೈವರ್ ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿದರು.

ಜೀವ ಉಳಿಯಿತು. ಬಲಗೈ, ಬಲಗಾಲು ನಿಧಾನವಾಗಿ ಹಿಡಿತಕ್ಕೆ ಬಂದವು. ಮಾತು ಬರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಕಣ್ಣಿನಲ್ಲಿ ಉತ್ತರ ಇರುತ್ತಿತ್ತು, ಬಾಯಿ ತೆರೆದರೆ ಗಾಳಿ ಮಾತ್ರ. "ಮೊದಲ ಕೆಲವು ತಿಂಗಳು ಮುಖ್ಯ, ಮಾತಾಡಿಸ್ತಾ ಇರಿ," ಎಂದು ಡಾಕ್ಟರ್ ಹೇಳಿದ್ದರು. ನಾನು ಮಾತಾಡಿಸಿದ್ದೆಷ್ಟು! ಚಿತ್ರದ ಕಾರ್ಡು ತಂದೆ. ಮೀನಿನ ಚಿತ್ರ ತೋರಿಸಿ ಮೀನು ಎನ್ನಿ, ಲೋಟ ತೋರಿಸಿ ನೀರು ಎನ್ನಿ ಎಂದು ಊಟಕ್ಕೆ ಮುಂಚೆ, ಊಟದ ನಂತರ ಬೇಡಿಕೊಂಡೆ. ಇವರು ಮೊದಮೊದಲು ಪ್ರಯತ್ನಿಸುತ್ತಿದ್ದರು. ಆಮೇಲೆ ಕಾರ್ಡನ್ನು ಎಡಗೈಯಿಂದ ಸರಿಸಿ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಮದುವೆ ಮಾಡಿಕೊಟ್ಟ ಮಗಳು ಮೂಡುಬಿದಿರೆಯಿಂದ ಆದಿತ್ಯವಾರ ಬಂದು ಹೋಗುತ್ತಿದ್ದಳು. ಉಳಿದ ದಿನ ಆ ಮನೆಯಲ್ಲಿ ನನ್ನ ಸ್ವರ ಒಂದೇ. ಕೇಳಿ ಕೇಳಿ ನನಗೇ ಅದರ ಮೇಲೆ ಬೇಸರ ಬಂದಿತ್ತು.

ಕ್ರಿಸ್‌ಮಸ್ ಕಳೆದಿತ್ತು. ಟೀಚರ್ ಕಳಿಸಿದ್ದ ಕುಸ್ವಾರಿನ ತಿಂಡಿಯ ಡಬ್ಬ ಅಡುಗೆಮನೆಯಲ್ಲಿ ಅರ್ಧ ಉಳಿದಿತ್ತು. ಸಂಜೆ ಇವರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ಹೊರಗಿನಿಂದ ಸಿಳ್ಳೆ ಕೇಳಿಸಿತು. ಹಕ್ಕಿಯದಲ್ಲ. ಬಸ್ಸಿನ ಸಿಳ್ಳೆ.

ಊರಿನವರಿಗೆಲ್ಲ ಗೊತ್ತಿರುವಂಥದೇ. ಒಂದು ಸಿಳ್ಳೆ ಹಾಕಿದರೆ ನಿಲ್ಲಿಸು, ಎರಡು ಹಾಕಿದರೆ ರೈಟ್, ಹೋಗು. ಇವರು ಪೀಪಿ ಇಟ್ಟುಕೊಂಡವರಲ್ಲ, ತುಟಿಯಲ್ಲೇ ಹಾಕುತ್ತಿದ್ದರು. ಎರಡು ಸಿಳ್ಳೆ, ಎರಡನೆಯದು ಸ್ವಲ್ಪ ಎಳೆದದ್ದು. ಅದು ಇವರದ್ದೇ. ಇಷ್ಟು ವರ್ಷ ಬಸ್‌ಸ್ಟ್ಯಾಂಡಿನ ಅಷ್ಟೊಂದು ಗಲಾಟೆಯಲ್ಲೂ ನಾನು ಗುರುತಿಸುತ್ತಿದ್ದ ಸಿಳ್ಳೆ. ನನ್ನ ಕೈಯ ಪಾತ್ರೆ ಸಿಂಕಿನಲ್ಲಿ ಬಿತ್ತು. ಸೋಪಿನ ಕೈಯಲ್ಲೇ ಓಡಿಬಂದೆ. ದೇವರೇ, ಬಾಯಿ ಬಂತಲ್ಲ ಎಂದು ಕುಣಿದುಬಿಡುವ ಹಾಗಾಗಿತ್ತು.

ಇವರು ನನ್ನ ಕಡೆ ನೋಡಲಿಲ್ಲ. ಕುತ್ತಿಗೆ ಚಾಚಿ ಗೋಡೆಯ ಕಡೆ ನೋಡುತ್ತಿದ್ದರು. ಗೋಡೆಯಾಚೆ ಟೀಚರ್ ನಿಂತಿದ್ದರು. ಬಿಳಿ ಕೂದಲು, ನೀಲಿ ಹೂವಿನ ನೈಟಿ, ಹೆಗಲಿಗೊಂದು ಟವೆಲು. ಅವರು ತುಟಿ ಮುಂದೆ ಮಾಡಿ ನವರಂಗದ ಸಿಳ್ಳೆಯನ್ನು ಹಾಗೆಯೇ ಹಾಕಿದರು. ಹಲಸಿನ ಬುಡದಿಂದ ಹಕ್ಕಿ ಉತ್ತರ ಕೊಟ್ಟಿತು. ಆಮೇಲೆ ಇವರು. ಆಮೇಲೆ ಪುನಃ ಟೀಚರ್. ಮೂವರೂ ಸರದಿಯಲ್ಲಿ. ಇವರ ಮುಖದ ಮೇಲೆ ಸ್ಟ್ರೋಕ್ ಆದ ಮೇಲೆ ನಾನು ಕಾಣದ ಒಂದು ಬೆಳಕಿತ್ತು. ಓರೆಯಾಗಿದ್ದ ಬಾಯಿ ನಗುತ್ತಿತ್ತು.

"ನೋಡಿದ್ರಾ?" ಟೀಚರ್ ಗೋಡೆಯಾಚೆಯಿಂದ ಕೂಗಿದರು. "ನಾನು ಹಕ್ಕಿಗೆ ಹಾಕಿದ್ದು, ಕಂಡಕ್ಟರ್ ಮಧ್ಯದಲ್ಲಿ ರೈಟ್ ಕೊಟ್ಟರು!"

ನಾನೂ ನಕ್ಕೆ. ಸೆರಗಿನಲ್ಲಿ ಕೈ ಒರೆಸುತ್ತಾ ನಿಂತೆ. ಆ ಹೊತ್ತಿಗೇ ಅದು ಶುರುವಾಗಿತ್ತು. ಅಷ್ಟು ತಿಂಗಳು ಈ ಬಾಯಿಗೆ ಚಮಚದಲ್ಲಿ ಗಂಜಿ ಹಾಕಿದವಳು ನಾನು. ಒರೆಸಿದವಳು ನಾನು. ಅದರಿಂದ ಹೊರಟ ಮೊದಲ ಸ್ವರ ಗೋಡೆ ಹಾರಿ ಅತ್ತ ಹೋಯಿತಲ್ಲ...

ಮರುದಿನದಿಂದ ಇವರಿಗೆ ಸಂಜೆಯ ಗಡಿಬಿಡಿ. ಮಧ್ಯಾಹ್ನದ ಚಾ ಮುಗಿಯುವುದರೊಳಗೆ ಎಡಗೈಯಿಂದ ಮೊಳೆಯಲ್ಲಿದ್ದ ಅಂಗಿ ತೋರಿಸುತ್ತಿದ್ದರು. ಬನಿಯನಿನಲ್ಲಿ ಜಗಲಿಗೆ ಹೋಗಲು ಒಪ್ಪುತ್ತಿರಲಿಲ್ಲ. ಒಂದು ದಿನ ಗಲ್ಲ ತಡವಿ ತೋರಿಸಿದರು, ಶೇವ್ ಮಾಡಬೇಕಂತೆ. ನಾನು ನೊರೆ ಹಚ್ಚಿ ಶೇವ್ ಮಾಡಿದೆ, ಅಂಗಿ ತೊಡಿಸಿದೆ, ಗುಂಡಿ ಹಾಕಿದೆ, ತಲೆ ಬಾಚಿದೆ. ನನ್ನ ಕೈಯಾರೆ ಸಿಂಗರಿಸಿ ಬೇರೊಬ್ಬಳ ಮಾತಿಗೆ ಕಳಿಸಿದ ಹಾಗೆ. ಎಪ್ಪತ್ತು ದಾಟಿದ, ಮಂಡಿನೋವಿನ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆಂದು ಯಾರಿಗಾದರೂ ಹೇಳಿದರೆ ನಗುತ್ತಾರೆ. ನಗಲಿ. ಆ ಹೊತ್ತು ನನ್ನ ಎದೆ ಒಲೆಯ ಹಾಗೆ ಉರಿಯುತ್ತಿತ್ತು.

ಅಂಗಡಿಗೆ ಹೋದರೆ ಅಲ್ಲಿಯೂ ಅದೇ. "ಎಂತ ಅಕ್ಕ, ನಿಮ್ಮ ಯಜಮಾನರಿಗೆ ಟೀಚರ್ ಸಿಳ್ಳೆ ಹಾಕ್ತಾರಂತೆ?" ಎಂದು ಅಂಗಡಿಯವಳು ಮೊಟ್ಟೆ ಕಟ್ಟುತ್ತಾ ಕೇಳಿದಳು.

"ಹಾಕ್ತಾರೆ. ಇವರೂ ಹಾಕ್ತಾರೆ," ಎಂದೆ. "ನೀನೂ ಬೇಕಾದ್ರೆ ಬಂದು ಹಾಕು ಮಾರಾಯ್ತಿ."

ನಾನು ಸ್ವತಃ ಪ್ರಯತ್ನಿಸದೆ ಇರಲಿಲ್ಲ. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು, ಅದರ ಸದ್ದಿನ ಮರೆಯಲ್ಲಿ ತುಟಿ ಮುಂದೆ ಮಾಡಿ ಊದಿದೆ. ಗಾಳಿ, ಎಂಜಲು. ತವರಿನಲ್ಲಿ ಚಿಕ್ಕವಳಿದ್ದಾಗ ಒಮ್ಮೆ ಅಣ್ಣನನ್ನು ನೋಡಿ ಸಿಳ್ಳೆಗೆ ತುಟಿ ಮಾಡಿದ್ದಕ್ಕೆ ಅಜ್ಜಿ ಬಾಯಿಯ ಮೇಲೆಯೇ ಕೊಟ್ಟಿದ್ದರು, ಹೆಣ್ಣುಮಗಳಾಗಿ ಸಿಳ್ಳೆ ಹಾಕುತ್ತೀಯಾ ಎಂದು. ಆ ಪೆಟ್ಟು ಅಷ್ಟು ವರ್ಷದ ಮೇಲೆ ಈಗ ತಾಗಿತು. ಟೀಚರ್ ಅವರ ಬಾಯಿಗೆ ಯಾವ ಅಜ್ಜಿಯೂ ಹೊಡೆದಿರಲಿಲ್ಲವೋ ಏನೋ. ಶಾಲೆಯ ಗಂಟೆ ಒಡೆದುಹೋಗಿದ್ದ ಒಂದು ವರ್ಷ ಇಡೀ ಅವರು ಸಿಳ್ಳೆ ಹಾಕಿಯೇ ಮಕ್ಕಳನ್ನು ಮೈದಾನದಿಂದ ಒಳಗೆ ಕರೆಯುತ್ತಿದ್ದರಂತೆ.

ಮಾವಿನ ಮಿಡಿ ಬಲಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಇವರು ನಿದ್ದೆ ಹೋಗಿದ್ದಾಗ ಟೀಚರ್ ನಮ್ಮ ಹಿಂಬಾಗಿಲಿಗೆ ಬಂದರು. ಯಾವತ್ತೂ ಒಳಗೆ ಬಂದವರಲ್ಲ. ಅಡುಗೆಮನೆಯ ಮಣೆಯ ಮೇಲೆ ಕಷ್ಟಪಟ್ಟು ಕುಳಿತು, ಕೊಟ್ಟ ನೀರು ಕುಡಿದು, ನೇರ ವಿಷಯಕ್ಕೇ ಬಂದರು.

"ಹಕ್ಕಿ ಇನ್ನು ಹೆಚ್ಚು ದಿನ ಇರುವುದಿಲ್ಲ. ಈಗಲೇ ಕೂಗುವುದು ಹೆಚ್ಚಾಗಿದೆ, ಕೇಳಿದ್ರಲ್ಲ? ಹೊರಡುವ ಲೆಕ್ಕ ಅದು. ಬಿಸು ಕಳೆದ ಮೇಲೆ ಯಾವಾಗ ಬೇಕಾದ್ರೂ ಹೋದೀತು. ಅದು ಹೋದ ಮೇಲೆ ಇವರಿಗೆ ಎಂತ ಮಾಡುವುದು?"

"ನೀವುಂಟಲ್ಲ," ಎಂದೆ. ಸ್ವರ ಸ್ವಲ್ಪ ಗಡಸಾಗಿಯೇ ಬಂತು.

ಅವರು ನನ್ನನ್ನೇ ನೋಡಿದರು. ಮಗ್ಗಿ ತಪ್ಪಿದ ಮಕ್ಕಳನ್ನು ನೋಡುವ ನೋಟ.

"ನಾನು ಗೋಡೆಯ ಆಚೆಯವಳು. ಮನೆಯೊಳಗೆ ಇರುವುದು ನೀವು. ನೀವು ಕಲಿಬೇಕು."

"ನನಗೆ ಬರುವುದಿಲ್ಲ ಟೀಚರ್."

"ಯಾರಿಗೂ ಮೊದಲೇ ಬರುವುದಿಲ್ಲ. ನಾಲಗೆ ಕೆಳಗಿನ ಹಲ್ಲಿಗೆ ತಾಗಿಸಿ. ಹಾಂ. ಊದಬೇಡಿ, ಬಿಸಿ ಚಾ ಆರಿಸುವ ಹಾಗೆ ಬಿಡಿ."

ಅದರ ನಂತರ ಅವರು ದಿನಾ ಮಧ್ಯಾಹ್ನ ಬಂದರು. ನಾನು ನನ್ನ ಅಡುಗೆಮನೆಯಲ್ಲೇ, ತೆಂಗಿನಕಾಯಿ ತುರಿಯುತ್ತಾ, ಇನ್ನೊಬ್ಬ ಹೆಂಗಸಿನಿಂದ ನನ್ನ ಗಂಡನನ್ನು ಕರೆಯುವುದನ್ನು ಕಲಿತೆ. ಕಲಿತೆ ಎನ್ನುವ ಹಾಗೂ ಇಲ್ಲ. ಕುಕ್ಕರಿನ ವಾಷರ್ ಹೋದರೆ ಬರುವಂಥ ಒಂದು ಸದ್ದು ಬರತೊಡಗಿತು ಅಷ್ಟೇ. ಟೀಚರ್ ನಗಲಿಲ್ಲ. "ಬಂತು, ಬಂತು," ಎಂದು ತೊಡೆ ತಟ್ಟಿದರು. ಅವರು ಒಳ್ಳೆಯವರಾದಷ್ಟೂ ನನಗೆ ಸಿಟ್ಟು ಹೆಚ್ಚಾಗುತ್ತಿತ್ತು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಗೋಡೆಗೆ ಇನ್ನೆರಡು ಸಾಲು ಕಲ್ಲು ಕಟ್ಟಿಸಿ ಮುಗಿಸಬಹುದಿತ್ತು.

ಬಿಸುವಿನ ಬೆಳಗ್ಗೆ ಹಕ್ಕಿ ಕೂಗಿತು. ಆಮೇಲೂ ಕೆಲವು ದಿನ ಕೂಗಿತು. ಒಂದು ಸಂಜೆ ಕೂಗಲಿಲ್ಲ. ಇವರು ಅಂಗಿ ತೊಟ್ಟು, ತಲೆ ಬಾಚಿಸಿಕೊಂಡು ಕುಳಿತು ಸಿಳ್ಳೆ ಹಾಕಿದರು. ಉತ್ತರವಿಲ್ಲ. ಗೋಡೆಯಾಚೆ ಟೀಚರ್ ಕೂಡ ಕಾಣಿಸಲಿಲ್ಲ. ಮರುದಿನ ನೋಡಿದರೆ ಅವರ ಮನೆಗೆ ಬೀಗ. ಬಜ್ಪೆಯ ತಂಗಿಯ ಮನೆಗೆ ಹೋಗಿದ್ದಾರೆಂದು ಹಾಲಿನವರು ಹೇಳಿದರು. ಯಾವಾಗ ಬರುತ್ತಾರೋ ಗೊತ್ತಿಲ್ಲವಂತೆ. ನಿಜ ಹೇಳುವುದಾದರೆ ನನಗೆ ಸಮಾಧಾನವಾಯಿತು. ಹಕ್ಕಿಯೂ ಹೋಯಿತು, ಟೀಚರೂ ಹೋದರು, ಇನ್ನು ಈ ಮನೆಯಲ್ಲಿ ನಾನು ಮತ್ತು ನನ್ನ ಗಂಡ.

ಆದರೆ ಇವರು ಕುಗ್ಗಿಹೋದರು. ಮೊದಲ ದಿನಗಳಲ್ಲಿ ಗೋಡೆಯ ಕಡೆ ನೋಡಿ ಸಿಳ್ಳೆ ಹಾಕಿ ಕಾಯುತ್ತಿದ್ದರು. ಆಮೇಲೆ ಸಿಳ್ಳೆ ನಿಂತಿತು. ಅಂಗಿ ಕೇಳುವುದು ನಿಂತಿತು. ಒಂದು ಸಂಜೆ ಜಗಲಿಗೇ ಬರಲಿಲ್ಲ, ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಸ್ಟ್ರೋಕ್ ಆದ ಹೊಸತರಲ್ಲಿ ಮಲಗುತ್ತಿದ್ದ ಹಾಗೆಯೇ. ನನಗೆ ಹೆದರಿಕೆಯಾಯಿತು. ಅಷ್ಟು ತಿಂಗಳಲ್ಲಿ ಬಂದದ್ದೊಂದು, ಅದೂ ಹೋಗುತ್ತಿದೆ... ನಾನು ಬಾಗಿಲಿನಲ್ಲಿ ನಿಂತೆ. ನಾಲಗೆ ಕೆಳಗಿನ ಹಲ್ಲಿಗೆ ತಾಗಿಸಿದೆ. ಬಿಸಿ ಚಾ ಆರಿಸುವ ಹಾಗೆ ಬಿಟ್ಟೆ.

ಏನೋ ಒಂದು ಸದ್ದು. ಅರ್ಧ ಗಾಳಿ. ಎರಡನೆಯ ಸ್ವರ ಎಲ್ಲಿಗೋ ಜಾರಿಹೋಯಿತು.

ಇವರು ಮಗ್ಗುಲು ಬದಲಿಸಿದರು. ನನ್ನನ್ನು ನೋಡಿದರು. ನಾನು ನಾಚಿಕೆ ಬಿಟ್ಟು ಪುನಃ ಊದಿದೆ. ಇವರ ಹೊಟ್ಟೆ ಕುಲುಕಾಡಿತು. ನಗು. ಸದ್ದು ಬರುವ ನಗು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ಬಾಯಿ ಕಷ್ಟಪಟ್ಟು ತೆರೆಯಿತು, ತುಟಿ ಅತ್ತ ಇತ್ತ ಹೋಯಿತು, ಕುತ್ತಿಗೆಯ ನರ ಉಬ್ಬಿತು.

"ಟೀಚರ್..." ಎಂದರು. ಸ್ವಲ್ಪ ತಡೆದು, "ಅತ್ತ್."

ತುಳುವಿನ ಅತ್ತ್. ಅಲ್ಲ ಎಂದು. ಇದು ಟೀಚರ್ ಅಲ್ಲ.

ಸ್ಟ್ರೋಕ್ ಆದ ಮೇಲೆ ನನ್ನ ಗಂಡ ನನ್ನ ಮುಂದೆ ಆಡಿದ ಮೊದಲ ಮಾತು ಇದು. ನಾನು ಮಂಚದ ಪಕ್ಕ ಕುಸಿದು ಕುಳಿತು ಗೊಳೋ ಎಂದು ಅತ್ತೆ. ಸಂತೋಷಕ್ಕೆ ಅತ್ತೆನೇ? ಹೌದು. ಆದರೆ ಅಷ್ಟು ಸಂತೋಷದ ನಡುವೆಯೂ, ಅನ್ನದಲ್ಲಿ ಸಿಕ್ಕಿದ ಕಲ್ಲಿನ ಹಾಗೆ, ಆ ಹೆಸರು ಹಲ್ಲಿಗೆ ತಾಗುತ್ತಿತ್ತು. ಮೀನು ಎನ್ನಬಹುದಿತ್ತು. ನೀರು ಎನ್ನಬಹುದಿತ್ತು. ನನ್ನ ಹೆಸರೇ ಮೂರಕ್ಷರದ್ದು, ಹೇಳಲು ಏನೂ ಕಷ್ಟವಿಲ್ಲ.

ಅಲ್ಲಿಂದ ಮಾತು ಒಂದೊಂದಾಗಿ ಬಂತು. ನನ್ನ ಹೆಸರೂ ಬಂತು, ಉಪ್ಪು, ಚಾ, ಸಾಕು ಇವುಗಳ ನಂತರ. ಟೀಚರ್ ಮಳೆ ಹಿಡಿದ ಮೇಲೆ ಬಜ್ಪೆಯಿಂದ ಬಂದರು. ಇವರು ಜಗಲಿಯಿಂದಲೇ "ಟೀಚರ್!" ಎಂದು ಕರೆದಾಗ ಅವರು ಕೊಡೆಯನ್ನು ಅಂಗಳದಲ್ಲೇ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಮಳೆಯಲ್ಲಿ ನೆನೆಯುತ್ತಾ ಹಾಗೆಯೇ ನಿಂತಿದ್ದರು. ನಾನು ಕೊಡೆ ಹೆಕ್ಕಿ ಹಿಡಿದೆ.

ಆ ವರ್ಷ ಮಳೆ ನಿಂತಾಗ ನವರಂಗ ಬಂತು. ಅದರ ಮುಂದಿನ ವರ್ಷವೂ ಬಂತು. ಸಂಜೆಯ ಸಿಳ್ಳೆ ನಡೆಯಿತು, ನನ್ನ ಕಿಚ್ಚೂ ನಡೆಯಿತು. ಆಮೇಲೊಂದು ವರ್ಷ ಹಕ್ಕಿ ಹೊರಡುವ ಕಾಲದಲ್ಲೇ ಟೀಚರ್ ಹೋದರು. ಬೆಳಗ್ಗೆ ಹಾಲಿನವರು ಬಾಗಿಲು ತಟ್ಟಿದಾಗ ತೆರೆಯಲಿಲ್ಲ. ನಿದ್ದೆಯಲ್ಲೇ ಆಗಿತ್ತು. ಇಗರ್ಜಿಗೆ ನಾವಿಬ್ಬರೂ ರಿಕ್ಷಾದಲ್ಲಿ ಹೋದೆವು. ಇವರು ಕೋಲು ಹಿಡಿದು ಪೂಜೆ ಮುಗಿಯುವವರೆಗೂ ನಿಂತೇ ಇದ್ದರು. ಕುಳಿತುಕೊಳ್ಳಿ ಎಂದರೂ ಕೇಳಲಿಲ್ಲ. ನಾನು ಸತ್ತರೆ ಹೀಗೆ ನಿಲ್ಲುತ್ತಾರೋ ಇಲ್ಲವೋ ಎಂದು ಅಲ್ಲಿಯೂ, ಆ ಮೇಣದ ಬತ್ತಿಗಳ ನಡುವೆಯೂ, ನನಗೆ ಅನಿಸಿತು.

ಮಣ್ಣು ಹಾಕಿ ಮುಗಿದ ಮೇಲೆ ಬಜ್ಪೆಯ ತಂಗಿ ನನ್ನ ಹತ್ತಿರ ಬಂದರು. ಅಕ್ಕನದೇ ಮೂಗು, ಅಕ್ಕನದೇ ಕನ್ನಡ.

"ಕಂಡಕ್ಟರ್ ಅವರ ಮನೆಯವರು ನೀವೇ ಅಲ್ವಾ? ಆ ವರ್ಷ ಅಕ್ಕ ನಮ್ಮಲ್ಲಿ ಬಂದು ಕೂತು ದಿನಾ ಸಂಜೆ ಚಡಪಡಿಸುವುದು ಮಾರಾಯ್ರೆ. ಅಷ್ಟು ಚಿಂತೆಯಾದ್ರೆ ಮನೆಗೆ ಹೋಗು ಅಂದೆ. 'ನಾನು ಅಲ್ಲಿದ್ರೆ ಅವರು ನನ್ನನ್ನೇ ಕಾಯ್ತಾರೆ, ಹೆಂಡತಿಯ ಸಿಳ್ಳೆ ಅವರಿಗೆ ಕೇಳುವುದಿಲ್ಲ' ಅಂತ ಹೇಳ್ತಿದ್ಳು."

ನಾನು ತಲೆಯಾಡಿಸಿದೆ. ಇವರಿಗೆ ಮಾತು ಬಂದ ಆ ಒಂದು ಸಂಜೆಯಾದರೂ ಪೂರ್ತಿ ನನ್ನದು ಎಂದುಕೊಂಡಿದ್ದೆ. ಅದನ್ನೂ ಟೀಚರೇ ಬಿಟ್ಟುಕೊಟ್ಟದ್ದು ಎಂದು ಗೊತ್ತಾಯಿತು. ವಾಪಸು ಕೊಡಲು ಅವರು ಇಲ್ಲ, ಜಗಳವಾಡಲೂ ಇಲ್ಲ...

ಅವರ ಮನೆ ಮಾರಾಟವಾಯಿತು. ಬಂದವರು ಒಳ್ಳೆಯವರೇ. ಹಲಸು ಬೇರು ಬಿಟ್ಟು ಗೋಡೆ ಬಿರಿಯುತ್ತದೆಂದು ಕಡಿಸಿದರು, ಎಲೆ ಗುಡಿಸಿ ಮುಗಿಯುವುದಿಲ್ಲವೆಂದು ಮಾವುಗಳನ್ನೂ ಕಡಿಸಿದರು, ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಸಿದರು. ನವರಂಗ ಈಗ ನಮ್ಮ ಕಡೆ ಬರುವುದಿಲ್ಲ. ಇವರು ಮೊದಲ ವರ್ಷ ಕಾದರು. ಈಗ ಸಂಜೆ ಟಿವಿ ನೋಡುತ್ತಾರೆ.

ಡಾಕ್ಟರಿಗೆ ತೋರಿಸಿ ಬಂದ ಮರುವಾರದ ಮಾತು. ಇವರೊಂದಿಗೆ ಕೆಲಸ ಮಾಡಿದ್ದ ಡ್ರೈವರ್ ಫೋನ್ ಮಾಡಿದ್ದರು. ಇವರು ಫೋನಿನಲ್ಲಿ ಹೂಂ, ಆಯ್ತು, ಇಲ್ಲ ಎಂದು ತುಂಡು ತುಂಡಾಗಿ ಹೇಳುವವರು. ನಾನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಇದ್ದೆ. ಒಳಗಿನಿಂದ ಕೇಳಿಸಿತು: "ನಾಳೆ ಬಾ ಮಾರಾಯ, ಬಂಗುಡೆ ಪುಳಿಮುಂಚಿ ಮಾಡ್ಲಿಕ್ಕೆ ಇವಳ ಹತ್ರ ಹೇಳ್ತೇನೆ, ಇವಳ ಕೈಯ ಹಾಗೆ ಬೇರೆ ಯಾರಿಗೂ ಬರುವುದಿಲ್ಲ."

ಎಲ್ಲಿಯೂ ತಡೆಯದೆ, ಒಂದೇ ಉಸಿರಿಗೆ, ಅಷ್ಟು ಉದ್ದ. ಹಳೆಯ ಕಂಡಕ್ಟರನ ಬಾಯಿ. ಅದೂ ನನ್ನ ಬಗ್ಗೆ.

ನನ್ನ ಕಾಲು ತಾನಾಗಿ ಗೋಡೆಯ ಕಡೆ ನಡೆಯಿತು. ಆ ಮಾತಿನ ಬೆಲೆ ಗೊತ್ತಿರುವ ಇನ್ನೊಂದು ಜೀವ ಈ ಊರಿನಲ್ಲಿ ಯಾರು? ಮಗಳಿಗೆ ಹೇಳಿದರೆ ಹೌದಾ ಅಮ್ಮ ಎನ್ನುತ್ತಾಳೆ. ಟೀಚರ್ ಆದರೆ ತೊಡೆ ತಟ್ಟುತ್ತಿದ್ದರು, ಪುನಃ ಹೇಳಿಸುತ್ತಿದ್ದರು, ಇವರ ಸ್ವರ ಎಲ್ಲಿ ಏರಿತು ಎಲ್ಲಿ ಇಳಿಯಿತು ಎಂದು ಕೇಳುತ್ತಿದ್ದರು. ಒಮ್ಮೆಯಾದರೂ ಅವರ ಮುಂದೆ ನಿಂತು, ನೋಡಿ ಟೀಚರ್, ಇದು ನನಗೆ ಬಂದದ್ದು ಎಂದು ಹೇಳಿಕೊಳ್ಳಬೇಕಿತ್ತು. ಒದ್ದೆ ಕೈಯನ್ನು ಗೋಡೆಯ ಕಲ್ಲಿನ ಮೇಲೆ ಇಟ್ಟು ಇಣುಕಿದೆ.

ಆಚೆ ಹೊಸ ಮನೆಯ ಹುಡುಗಿ ಇಂಟರ್‌ಲಾಕಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದಳು. ತಲೆಯೆತ್ತಿ ನೋಡಿದಳು.

"ಎಂತ ಆಂಟಿ, ಎಂತಾದ್ರೂ ಬೇಕಿತ್ತಾ?"

"ಎಂತ ಇಲ್ಲ," ಎಂದೆ. ಒಗೆಯುವ ಕಲ್ಲಿನ ಹತ್ತಿರ ವಾಪಸು ಬಂದು ಉಳಿದ ಬಟ್ಟೆ ಹಿಂಡಿದೆ.